ಒದ್ದೆ ಬಟ್ಟೆ, ಬಿಸಿ ಬಾಣಲೆ

ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವರಿಗೆ ಸುಟ್ಟ ಗಾಯ ಅಂದರೆ ನೆಗಡಿ ಇದ್ದ ಹಾಗೆ. ಬರುತ್ತೆ, ಹೋಗುತ್ತೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಮ್ಮ ಮನೆ ಯಜಮಾನರ ಕಥೆಯಂತೂ ಕೇಳಲೇಬೇಡಿ. ಪ್ರವಾಸಿಗರು ಬಂದಿಳಿಯುವ ದೊಡ್ಡ ಹೋಟೆಲಿನಲ್ಲಿ ಅವರು ಮುಖ್ಯ ಅಡುಗೆಯವರು. ಅಲ್ಲೇ ಪರದೆ, ದಿಂಬಿನ ಚೀಲ, ಸಮವಸ್ತ್ರ ಹೊಲಿಯುವವಳು ನಾನು. ಮನೆಗೆ ನೆಂಟರು ಬಂದರೆ ಸಾಕು, ಇವರು ಅಂಗಿಯ ತೋಳು ಮಡಿಚಿ ಶುರು ಹಚ್ಚುತ್ತಾರೆ. "ಇದು ಓವನ್ನಿಂದು, ಇದು ಕಾದ ಎಣ್ಣೇದು, ಇದು ಆ ದೊಡ್ಡ ಔತಣದ ದಿನದ್ದು. ಎಲ್ಲಾ ನನ್ನ ಪದಕಗಳು!"

ಮೊದಲೆಲ್ಲ ನನಗೆ ನಗು ಬರುತ್ತಿತ್ತು. ಆದರೆ ಮಗಳಿಗೂ ಅದೇ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು ನೋಡಿ, ಅಂದಿನಿಂದ ನನ್ನ ನಗು ನಿಂತುಹೋಯಿತು. ಸೋಮವಾರ ಅವಳು ಸೇರಬೇಕು. ಅಪ್ಪನ ಕೈಗಳ ಗತಿಯೇ ಅವಳ ಕೈಗಳಿಗೂ ಆಗಿಬಿಟ್ಟರೆ ಎಂಬ ಚಿಂತೆ ಹತ್ತಿತು.

ಅದರ ಹಿಂದಿನ ದಿನ ಪಕ್ಕದ ಮನೆಯ ನರ್ಸಮ್ಮ ಚಹಾಕ್ಕೆ ಬಂದಿದ್ದರು. ನಮ್ಮ ಹೋಟೆಲಿನ ಪ್ರಥಮ ಚಿಕಿತ್ಸೆಯ ಕೋಣೆ ನೋಡಿಕೊಳ್ಳುವವರು ಅವರೇ. ಅವರ ಮುಂದೆ ನನ್ನ ಸಂಕಟ ತೋಡಿಕೊಂಡೆ. ಅವರು ನೇರ ಯಜಮಾನರ ಕಡೆಗೇ ತಿರುಗಿದರು.

"ಅಣ್ಣಾ, ಹೋಟೆಲಿನವರು ದಪ್ಪ ಕೈಗವಸು ತರಿಸಿಕೊಟ್ಟಿದ್ದಾರಲ್ಲ, ಯಾಕೆ ಹಾಕ್ಕೊಳ್ಳಲ್ಲ ನೀವು?"

"ಅಯ್ಯೋ, ಅದನ್ನ ಹಾಕ್ಕೊಂಡ್ರೆ ಕರಡಿ ಅಡುಗೆಗೆ ನಿಂತ ಹಾಗಿರುತ್ತೆ! ಹೆಗಲ ಮೇಲೆ ಒಂದು ಬಟ್ಟೆ ಇದ್ರೆ ಸಾಕು ನನಗೆ. ಕೈ ಒರೆಸೋಕೂ ಅದೇ, ಕಟ್ಟೆ ಒರೆಸೋಕೂ ಅದೇ, ಪಾತ್ರೆ ಇಳಿಸೋಕೂ ಅದೇ."

"ಅಂದ್ರೆ ಯಾವಾಗ್ಲೂ ಒದ್ದೆ!"

"ಒದ್ದೆ ಇದ್ರೆ ಇನ್ನೂ ಒಳ್ಳೇದಲ್ವಾ ನರ್ಸಮ್ಮ? ತಣ್ಣಗಿರುತ್ತೆ."

ನರ್ಸಮ್ಮ ತಲೆ ಚಚ್ಚಿಕೊಂಡರು. "ಅಲ್ಲೇ ನೀವು ಎಡವೋದು. ಒಣಗಿದ ದಪ್ಪ ಬಟ್ಟೆ ಬಿಸೀನ ತಡೆಯುತ್ತೆ. ಒದ್ದೆ ಬಟ್ಟೆ ಬಿಸೀನ ಸೀದಾ ಕೈಗೆ ಮುಟ್ಟಿಸುತ್ತೆ. ಅದರಲ್ಲಿರೋ ನೀರೇ ಕಾದು ಹಬೆಯಾಗಿ ಸುಡುತ್ತೆ."

"ಬಿಡಿ ಬಿಡಿ, ತಲೆ ನರೆಯೋವರೆಗೂ ಒಲೆ ಮುಂದೆ ನಿಂತಿದೀನಿ. ನನಗೇ ಪಾಠನಾ?" ಎಂದು ಇವರು ಮೀಸೆಯಡಿಯಲ್ಲೇ ನಕ್ಕರು.

ಮಗಳು ಅಡುಗೆಮನೆಯಲ್ಲಿ ಚಹಾದ ಜೊತೆಗೆಂದು ಕಡಲೆಕಾಯಿ ಬೀಜ ಹುರಿಯುತ್ತಿದ್ದಳು. ಥೇಟ್ ಅಪ್ಪನ ಹಾಗೇ ಹೆಗಲ ಮೇಲೊಂದು ಬಟ್ಟೆ. ಆಗಷ್ಟೇ ಅದರಲ್ಲಿ ಕಟ್ಟೆ ಒರೆಸಿದ್ದಳು. "ಅಪ್ಪಾ, ನೋಡಿಲ್ಲಿ, ನಿಮ್ಮ ಸ್ಟೈಲು!" ಎಂದು ಕೂಗಿ, ಅದೇ ಬಟ್ಟೆಯಲ್ಲಿ ಬಾಣಲೆಯ ಹಿಡಿ ಹಿಡಿದು ಎತ್ತಿದಳು.

"ಅಮ್ಮಾ!" ಎಂಬ ಕೂಗು. ಬಾಣಲೆ ಧಡಾರನೆ ನೆಲಕ್ಕೆ ಬಿತ್ತು. ಬೀಜ ಮನೆ ತುಂಬಾ ಚೆಲ್ಲಾಪಿಲ್ಲಿ. ನಾನು ಐಸ್ ತರಲು ಓಡಿದೆ, ಯಜಮಾನರು ಟೂತ್‌ಪೇಸ್ಟ್ ಹಿಡಿದು ಓಡಿ ಬಂದರು, ಇಬ್ಬರೂ ಬಾಗಿಲಲ್ಲಿ ಢಿಕ್ಕಿ.

"ಎರಡೂ ಬೇಡ!" ಎಂದು ನರ್ಸಮ್ಮ ಗದರಿದರು. ಮಗಳ ಉಂಗುರ, ಬಳೆ ಸರಸರನೆ ಬಿಚ್ಚಿ ಕೈಯನ್ನು ನಲ್ಲಿಯ ಕೆಳಗೆ ಹಿಡಿದರು. "ಹರಿಯೋ ತಣ್ಣೀರಲ್ಲಿ ಇಪ್ಪತ್ತು ನಿಮಿಷ. ಅಣ್ಣಾ, ನೀವೇ ಹಿಡ್ಕೊಳ್ಳಿ, ಬಿಡಬೇಡಿ. ಪೇಸ್ಟು, ಬೆಣ್ಣೆ, ಐಸು ಏನೂ ಹಾಕಬಾರದು. ಬೊಬ್ಬೆ ಎದ್ರೆ ಒಡೀಬಾರದು."

ಯಜಮಾನರು ಮಗಳ ಮಣಿಕಟ್ಟು ಹಿಡಿದು ನಿಂತರು. ಅವಳ ಕಣ್ಣಲ್ಲಿ ನೀರು. ಆದರೂ ಅಪ್ಪನಿಗೆ ಸಮಾಧಾನ ಮಾಡಲು ನಕ್ಕಳು. "ಪರವಾಗಿಲ್ಲ ಅಪ್ಪಾ, ನನ್ನ ಮೊದಲನೇ ಪದಕ ಅಲ್ವಾ ಇದು?"

ಇವರ ಮುಖ ಕಪ್ಪಿಟ್ಟಿತು.

"ಹಾಗನ್ನಬೇಡ ಪುಟ್ಟೀ. ಪದಕಾನೂ ಇಲ್ಲ, ಮಣ್ಣೂ ಇಲ್ಲ. ಒಂದೊಂದು ಸಲ ಸುಟ್ಟಾಗ್ಲೂ ಉರಿ ತಾಳಲಾರದೆ ಬಚ್ಚಲಲ್ಲಿ ನಿಂತು ಅತ್ತಿದೀನಿ. ಯಾರಿಗೂ ಹೇಳಿಲ್ಲ, ಅಷ್ಟೇ."

ನನಗೂ ಹೇಳಿರಲಿಲ್ಲ ಈ ಮಹಾರಾಯರು! ಸಿಟ್ಟೂ ಬಂತು, ಕರುಳೂ ಚುರ್ ಎಂದಿತು.

ಆಮೇಲೆ ಶುಭ್ರವಾದ ಬಟ್ಟೆ ಸಡಿಲವಾಗಿ ಮುಚ್ಚಿ ಡಾಕ್ಟರ ಬಳಿಗೆ ಕರೆದೊಯ್ದೆವು. "ಕೂಡಲೇ ನೀರಲ್ಲಿ ಹಿಡಿದಿದ್ದು ಒಳ್ಳೇದಾಯ್ತು, ಗಾಯ ಆಳಕ್ಕೆ ಹೋಗಿಲ್ಲ" ಎಂದರು ಅವರು. ಗಾಯ ಮಾಯುವವರೆಗೆ ಕೆಲಸಕ್ಕೆ ಬರುವುದು ಬೇಡವೆಂದು ಹೋಟೆಲಿನವರೂ ಒಪ್ಪಿದರು.

ಮನೆಗೆ ಬಂದದ್ದೇ ಯಜಮಾನರು ನನ್ನ ಹೊಲಿಗೆ ಯಂತ್ರದ ಮುಂದೆ ನಿಂತರು. "ಲೇ, ಹೋಟೆಲಿನ ಆ ಕೈಗವಸುಗಳಿಗೆಲ್ಲ ಒಂದೊಂದು ಕುಣಿಕೆ ಹೊಲಿದು ಕೊಡ್ತೀಯಾ? ಬೀರುವಿನಲ್ಲಿ ಬಿದ್ದಿದ್ರೆ ಯಾರೂ ಹಾಕ್ಕೊಳ್ಳಲ್ಲ. ಪ್ರತಿ ಒಲೆ ಪಕ್ಕಾನೂ ನೇತು ಹಾಕ್ತೀನಿ."

ಹೊಲಿದುಕೊಟ್ಟೆ. ಹೋಟೆಲಿನಲ್ಲಿ ಅವರು ಕೈಗವಸು ತೊಟ್ಟು ನಿಂತಾಗ ಅಡುಗೆಯವರೆಲ್ಲ ಬಿದ್ದು ಬಿದ್ದು ನಕ್ಕರಂತೆ. "ಏನ್ ಗುರುಗಳೇ, ಬಾಕ್ಸಿಂಗ್‌ಗೆ ಹೊರಟ್ರಾ?"

"ಹೌದ್ರಪ್ಪಾ, ಒಲೆ ಜೊತೆ ಬಾಕ್ಸಿಂಗ್. ನೀವೂ ಹಾಕ್ಕೊಂಡು ಅಖಾಡಕ್ಕೆ ಇಳೀರಿ. ಒರೆಸೋ ಬಟ್ಟೆ ಒರೆಸೋಕೆ ಮಾತ್ರ."

ಕೈ ಪೂರ್ತಿ ವಾಸಿಯಾದ ಮೇಲೆ ಮಗಳು ಕೆಲಸಕ್ಕೆ ಸೇರಿದಳು. ಮೊದಲ ದಿನ ಅವಳು ಸೌಟಿಗೆ ಕೈ ಚಾಚಿದರೆ, ಅಪ್ಪ ಕೈಗವಸು ಮುಂದೆ ಹಿಡಿದರಂತೆ. "ಮೊದಲು ಇದು. ಆಮೇಲೆ ಅಡುಗೆ ಹೇಳಿಕೊಡ್ತೀನಿ."

ಹೋಟೆಲು, ಲಾಡ್ಜು, ಕ್ಯಾಂಟೀನುಗಳಲ್ಲಿ ದುಡಿಯುವ ಅಕ್ಕಂದಿರೇ, ಅಣ್ಣಂದಿರೇ, ಬಿಸಿ ಪಾತ್ರೆಯನ್ನು ಒದ್ದೆ ಬಟ್ಟೆಯಲ್ಲಿ ಮುಟ್ಟಲೇಬೇಡಿ. ಒಣಗಿದ ದಪ್ಪ ಕೈಗವಸು ಹಾಕಿಕೊಳ್ಳಿ. ನಿಮ್ಮಲ್ಲಿ ಇಲ್ಲವೇ? ಮಾಲೀಕರನ್ನು ಕೇಳಿ, ಸಂಕೋಚ ಬೇಡ. ಸುಟ್ಟರೆ ಮೊದಲು ಹರಿಯುವ ತಣ್ಣೀರು, ಆಮೇಲೆ ಡಾಕ್ಟರು. ನೋವನ್ನು ನುಂಗಿಕೊಂಡು ಅದನ್ನೇ ಹೆಮ್ಮೆ ಅಂತ ಹೇಳಿಕೊಳ್ಳಬೇಡಿ. ನಿಮ್ಮ ಮಕ್ಕಳು ಅದನ್ನು ನಂಬುತ್ತಾರೆ.