ದೊಡ್ಡ ಪ್ಲೇಟಿನ ವೇಗ

ಭಾನುವಾರ ಮಧ್ಯಾಹ್ನ ಕೊಟ್ಟೂರಿನ ನನ್ನ ಎಲೆಕ್ಟ್ರಿಕಲ್ ಅಂಗಡಿಯ ಶಟರ್ ಅರ್ಧ ಇಳಿದಿದ್ದರೆ, ಒಳಗೆ ಇಂಗ್ಲಿಷ್ ರಾಕ್ ನಡೆದಿದೆ ಎಂದೇ ಅರ್ಥ. ನಾವು ಮೂವರು ಹುಚ್ಚರು. ಒಬ್ಬೊಬ್ಬರು ಒಂದೊಂದು ಗ್ರಾಮಫೋನ್ ಪ್ಲೇಟ್ ತರಬೇಕು, ಅದರ ನೆನಪು ಹೇಳಬೇಕು, ಆಮೇಲೆ ಹಾಕಬೇಕು. ಹಾಡಿನ ನಡುವೆ ಮಾತಾಡಿದವರು ಚಹಾ ತರಿಸಬೇಕು. ಹೆಚ್ಚು ಸಲ ತರಿಸಿದವನು ನಾನೇ. ನನ್ನ ಬಾಯಿ ಸುಮ್ಮನಿರುವುದಿಲ್ಲ.

ಕಾನಹೊಸಹಳ್ಳಿಯ ದುರುಗಣ್ಣ ನಮ್ಮಲ್ಲಿ ಹಿರಿಯ, ಒಂದು ಕಾಲಕ್ಕೆ ಮದುವೆಗಳಿಗೆ ಮೈಕ್‌ಸೆಟ್ ಹಾಕುತ್ತಿದ್ದವನು. ಬಳ್ಳಾರಿಯಲ್ಲಿ ಹಳೇ ಸಾಮಾನಿನ ಜೊತೆ ಸಿಕ್ಕ ಒಂದು ದೊಡ್ಡ ಪ್ಲೇಟ್ ಅಂದರೆ ಅವನಿಗೆ ಪ್ರಾಣ. ಅದರಲ್ಲಿ ಗಾಯಕ ಎದೆಯಾಳದಿಂದ ಅಳುತ್ತಾನೆ, ಗಿಟಾರ್ ನರಳುತ್ತದೆ. ಅದನ್ನು ತಂದಾಗಲೆಲ್ಲ ದುರುಗಣ್ಣ ಒಂದೇ ಕಥೆ ಹೇಳುತ್ತಿದ್ದ. ನಲವತ್ತು ವರ್ಷದ ಹಿಂದೆ ಉಜ್ಜಿನಿಯ ಒಂದು ಮದುವೆಯಲ್ಲಿ ಅವನ ಹೊಸ ಹೆಂಡತಿ ಮಾಳಮ್ಮ ಈ ಹಾಡು ಕೇಳಿ, ಇದು ತೆವಳುತ್ತಿದೆ, ಓಡಬೇಕಾದ ಹಾಡು ಅಂದಳಂತೆ. ಹಲಗೆ ಬಾರಿಸುವವನ ಮಗಳಿಗೆ ಇಂಗ್ಲಿಷ್ ಹಾಡು ಏನು ತಿಳಿಯುತ್ತದೆ ಎಂದು ಇವನು ಮೈಕಿನಲ್ಲೇ ಅಂದನಂತೆ. ಚಪ್ಪರವೆಲ್ಲ ನಕ್ಕಿತಂತೆ. ಆಮೇಲೆ ಆಕೆ ಅವನ ಪ್ಲೇಟುಗಳ ಹತ್ತಿರ ಬಂದಿಲ್ಲ. ಕಥೆ ಕೇಳಿ ನಾವೂ ಪ್ರತಿ ಸಲ ನಗುತ್ತಿದ್ದೆವು.

ಅವನು ತನ್ನ ಪ್ಲೇಟ್ ಹಾಕುತ್ತಿದ್ದ ಹಳೇ ಯಂತ್ರ ಕಳೆದ ವಾರ ಕೈಕೊಟ್ಟಿತು. ನನ್ನ ಹೊಸ ಪ್ಲೇಯರ್ ಮೇಲೆ ಹಾಕುವ ಮುಂಚೆ ಕನ್ನಡಕ ಏರಿಸಿ ಲೇಬಲ್ ಓದಿದೆ. ಅಂಚಿನಲ್ಲಿ ಸಣ್ಣಗೆ ನಲವತ್ತೈದು ಎಂದಿತ್ತು. ಮೈಕ್‌ಸೆಟ್‌ನವರ ಲೆಕ್ಕ ಸುಲಭ: ಚಿಕ್ಕ ಪ್ಲೇಟ್ ನಿಮಿಷಕ್ಕೆ ನಲವತ್ತೈದು ಸುತ್ತು, ದೊಡ್ಡದು ಮೂವತ್ಮೂರು. ದೊಡ್ಡದರಲ್ಲೂ ನಲವತ್ತೈದರದ್ದು ಇರಬಹುದೆಂದು ದುರುಗಣ್ಣನಿಗೆ ಹೊಳೆದಿರಲಿಲ್ಲ, ಲೇಬಲ್ ಯಾವತ್ತೂ ನೋಡಿರಲಿಲ್ಲ. ತಪ್ಪು ಹಿಡಿದ ಖುಷಿಯಲ್ಲಿ ನಾನು ಅವನನ್ನು ಕೇಳದೆಯೇ ವೇಗದ ಗುಂಡಿ ಒತ್ತಿಬಿಟ್ಟೆ.

ಹಾಡು ಎದ್ದು ಓಡಿತು. ಅಳುತ್ತಿದ್ದ ಗಾಯಕ ಹುಡುಗನ ಹಾಗೆ ಕೂಗಿ ಹಾಡಿದ. ನಮ್ಮಲ್ಲಿ ಮೂರನೆಯವರಾದ, ಹಗರಿಬೊಮ್ಮನಹಳ್ಳಿಯಿಂದ ಬರುವ ಪುಷ್ಪಲತಾ ಟೀಚರ್ ಕೂತಲ್ಲೇ ತಾಳ ಹಾಕಿದರು. ನಾನು ಗೆದ್ದವನ ಹಾಗೆ ದುರುಗಣ್ಣನ ಕಡೆ ತಿರುಗಿದೆ. ಬಾಡಿದ ಅವನ ಮುಖ ನೋಡಿ ನನಗೆ ನಾಚಿಕೆಯಾಯಿತು.

ಹಾಡು ಮುಗಿದ ಮೇಲೆ ಅವನು ಮನೆಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಫೋನನ್ನು ಪ್ಲೇಯರ್ ಪಕ್ಕ ಇಟ್ಟ. ಮತ್ತೆ ಹಾಕು ಎಂದು ನನಗೆ ಸನ್ನೆ ಮಾಡಿದ. ಮಾಳಮ್ಮ ಕೊನೆಯವರೆಗೂ ಕೇಳಿದಳು.

“ನೀ ಅಂದಂಗ ಓಡೋ ಹಾಡೇ ಐತಿ,” ಅಂದ ದುರುಗಣ್ಣ.

“ಅದು ನನಗ ಅವತ್ತೇ ಗೊತ್ತಿತ್ತು. ನನಗ್ಯಾಕ ಹೇಳ್ತೀರಿ? ನಕ್ಕವರ ಮುಂದ ಹೇಳ್ರಿ.”

ಉಜ್ಜಿನಿಯ ಆ ಚಪ್ಪರದ ಜನರನ್ನು ಇವನು ಎಲ್ಲಿಂದ ತರಬೇಕು? ಅಂಗಡಿಯಲ್ಲಿ ಇದ್ದವರು ನಾನು, ಟೀಚರ್ ಇಬ್ಬರೇ. ದುರುಗಣ್ಣ ಎದ್ದು ನಿಂತು ನಮ್ಮ ಕಡೆ ತಿರುಗಿದ.

“ಮಾಳಮ್ಮ ಹೇಳಿದ್ದೇ ಖರೆ ಇತ್ರಿ. ತಪ್ಪು ನಂದು.”

ಫೋನ್ ಇನ್ನೂ ಕಟ್ ಆಗಿರಲಿಲ್ಲ. ಆಕೆ ಇನ್ನೂ ಯಾರ ಮಾತಿಗೋ ಕಾಯುತ್ತಿದ್ದಾಳೆ ಅನ್ನಿಸಿತು. ನಾನು ಫೋನಿನ ಹತ್ತಿರ ಬಾಗಿ ಹೇಳಿದೆ:

“ನಾನೂ ನಕ್ಕೀನ್ರಿ ಅಕ್ಕಾ.”