ಅಸಮಾನತೆಗೆ ಜಾಗ ಹುಡುಕಿದ್ದು

ಅಸಮಾನತೆ ಎಲ್ಲಿ ಸಿಗುತ್ತದೆ ಎಂದು ಹುಡುಕಿಕೊಂಡು ನಾಲ್ವರು ವಿದ್ಯಾರ್ಥಿಗಳು ಒಂದು ರಜೆಯ ದಿನ ಬೆಳಿಗ್ಗೆ ಮಣಿಪಾಲದಿಂದ ಅಂಬಾಸಿಡರ್ ಕಾರಿನಲ್ಲಿ ಹೊರಟರು. ಎಂಬತ್ತೇಳನೇ ಇಸವಿಯ ಸೆಕೆಗಾಲ. ಕಾಲೇಜ್ ಡೇಗೆ ಸಮಾನತೆಯ ಹಾಡೊಂದನ್ನು ವೀಡಿಯೋ ಮಾಡುವುದೆಂದು ಹೊರಟದ್ದು. ಕಾರು ಎಡ್ಮಂಡನ ಅಪ್ಪನದು. ಹಾಡುವವಳು ಲೊರ್ನಾ. ಹಾಡು ಬರೆದವನು, ನಿರ್ದೇಶಕ, ಅಂದಿನ ಮಟ್ಟಿಗೆ ಬಡವರ ಬಂಧು, ಎಲ್ಲವೂ ವರದರಾಜ. ಗಡ್ಡ ಬಿಟ್ಟು, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡ ಮೇಲೆ ಅವನು ಯಾರ ಮಾತನ್ನೂ ಪೂರ್ತಿ ಕೇಳುವುದನ್ನು ಬಿಟ್ಟಿದ್ದ.

ನಾಲ್ಕನೆಯವನು ಚೆನ್ನಪ್ಪ. ಅವನ ತೊಡೆಯ ಮೇಲೆ ವೀಡಿಯೋ ಕ್ಯಾಮೆರಾ ಇತ್ತು. ಅದು ಉಡುಪಿಯಲ್ಲಿ ವೀಡಿಯೋ ಅಂಗಡಿ ಇಟ್ಟ ಕುಂಞಿ ಮೊಹಮ್ಮದ್ ಕಾಕ ದುಬಾಯಿಯಿಂದ ತಂದದ್ದು. ರಜೆಯಲ್ಲಿ ಮದುವೆಗಳಿಗೆ ಹೋಗಿ ಅದನ್ನು ಓಡಿಸುತ್ತಿದ್ದವನು ಚೆನ್ನಪ್ಪನೇ. ಅವನ ಮುಖ ನೋಡಿಯೇ ಕಾಕ ಕ್ಯಾಮೆರಾ ಕೊಟ್ಟದ್ದು, ವರದರಾಜ ಅವನನ್ನು ತಂಡಕ್ಕೆ ಸೇರಿಸಿಕೊಂಡದ್ದೂ ಅದಕ್ಕೇ. ಚೆನ್ನಪ್ಪನಿಗೆ ಅದು ಗೊತ್ತಿಲ್ಲದ್ದೇನಲ್ಲ. ಮದುವೆ ಮನೆಗಳಲ್ಲಿ ಅವನಿಗೆ ಹೆಸರೇ ಇರಲಿಲ್ಲ. "ಓ ವೀಡಿಯೋ, ಸ್ವಲ್ಪ ಆಚೆ ನಿಲ್ಲು" ಎನ್ನುವರು. ಕಾಲೇಜ್ ಡೇ ದಿನ ಎಲ್ಲರ ಎದುರು ಪರದೆಯ ಮೇಲೆ 'ಛಾಯಾಗ್ರಹಣ: ಚೆನ್ನಪ್ಪ' ಎಂದು ಬರುತ್ತದೆ ಎಂದು ವರದರಾಜ ಮಾತು ಕೊಟ್ಟಿದ್ದ. ಆ ಒಂದು ಸಾಲಿಗಾಗಿ ಚೆನ್ನಪ್ಪ ಏನನ್ನೂ ಸಹಿಸಿಕೊಳ್ಳಲು ತಯಾರಿದ್ದ. ಬೆಳಿಗ್ಗೆಯಿಂದ ಸಹಿಸಿಕೊಳ್ಳುತ್ತಲೂ ಇದ್ದ.

ಮೊದಲು ಆದಿ ಉಡುಪಿಯ ಮಾರುಕಟ್ಟೆ. ಮೂಟೆ ಹೊರುವವರು ಬೀಡಿ ಸೇದುತ್ತಾ ಯಾವುದೋ ತಮಾಷೆಗೆ ಬಿದ್ದು ಬಿದ್ದು ನಗುತ್ತಿದ್ದರು. ವರದರಾಜ ಎರಡು ಕೈಗಳ ಬೆರಳು ಸೇರಿಸಿ ಚೌಕ ಮಾಡಿ, ಅದರೊಳಗಿಂದ ಅವರನ್ನು ನೋಡಿ ಮುಖ ಹಿಂಡಿದ. "ಇವರು ನಗುತ್ತಾರೆ ಮಾರಾಯ. ಶೋಷಣೆಯೇ ಕಾಣುವುದಿಲ್ಲ."

ಆಮೇಲೆ ಕಾಪುವಿನ ಕಡಲು. ದೀಪಸ್ತಂಭ, ಬಂಡೆ, ಬಣ್ಣದ ದೋಣಿಗಳು. ಲೊರ್ನಾ ಗಾಳಿಗೆ ಕೂದಲು ಬಿಟ್ಟು ನಿಂತಳು. "ಇಲ್ಲಿ ಬಡತನ ಬಹಳ ಚಂದ ಕಾಣುತ್ತದೆ, ಆಗುವುದಿಲ್ಲ" ಎಂದ ವರದರಾಜ. ಮೀನು ಹೊತ್ತು ಹೋಗುತ್ತಿದ್ದ ಹೆಂಗಸರು ಇವರನ್ನು ಓರೆಗಣ್ಣಿನಿಂದ ನೋಡಿಕೊಂಡು ಹೋದರು. ಚೆನ್ನಪ್ಪನಿಗೆ ಅವರ ಜೊತೆಗೇ ಹೋಗಿಬಿಡೋಣ ಎನಿಸಿತು.

ಎರ್ಮಾಳಿನಲ್ಲಿ ಕೊನೆಗೊಂದು ತೆಂಗಿನ ಮಡಲು ಹೊದಿಸಿದ ಮಾಡಿನ ಮನೆ ಸಿಕ್ಕಿತು. ವರದರಾಜನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮನೆಯ ಹೆಂಗಸು ಕ್ಯಾಮೆರಾ ನೋಡಿದವಳೇ, "ನಿಲ್ಲಿ, ಸೀರೆ ಬದಲಿಸಿಕೊಂಡು ಬರುತ್ತೇನೆ" ಎಂದಳು.

"ಬೇಡ ಬೇಡ, ಹೀಗೇ ಇರಿ. ಹೀಗೆ ಇರುವುದೇ ನಮಗೆ ಬೇಕಾದದ್ದು" ಎಂದ ವರದರಾಜ.

ಹೆಂಗಸು ತನ್ನ ಹರಿದ ಸೆರಗನ್ನೂ ಅವನ ಇಸ್ತ್ರಿ ಮಾಡಿದ ಪ್ಯಾಂಟನ್ನೂ ನೋಡಿದಳು. "ನಿಮ್ಮ ಅಮ್ಮನ ಫೋಟೋ ಹೀಗೆ ತೆಗೆಯುತ್ತೀರಾ?" ಎಂದು ಕೇಳಿ ಬಾಗಿಲು ಹಾಕಿಕೊಂಡಳು.

"ಜನರಿಗೆ ಜಾಗೃತಿ ಇಲ್ಲ" ಎಂದು ವರದರಾಜ ಕಾರು ಹತ್ತಿದ. ಹಸಿದಿದ್ದ ಎಡ್ಮಂಡ್, "ಇನ್ನು ಜಾಗೃತಿ ಊಟ ಆದ ಮೇಲೆ" ಎಂದ. ಊಟ ಕಾರ್ಕಳದಾಚೆ ವರದರಾಜನ ಅಜ್ಜಿಯ ಮನೆಯಲ್ಲಿ ಎಂದು ಮೊದಲೇ ನಿಶ್ಚಯವಾಗಿತ್ತು.

ಹಂಚಿನ ದೊಡ್ಡ ಮನೆ. ಅಜ್ಜಿ ಬಾಗಿಲಲ್ಲೇ ನಿಂತು ಒಬ್ಬೊಬ್ಬರನ್ನೇ ವಿಚಾರಿಸಿದರು. ಎಡ್ಮಂಡನ ಅಪ್ಪ ಡಾಕ್ಟರ್ ಎಂದು ತಿಳಿದು ಸಂತೋಷಪಟ್ಟರು. ಚೆನ್ನಪ್ಪನ ಸರದಿ ಬಂತು.

"ನಿನ್ನ ಊರು ಎಲ್ಲಿ ಮಗಾ?"

"ಕೆಮ್ಮಣ್ಣು, ಅಮ್ಮಾ."

"ಅಪ್ಪ ಎಂತ ಮಾಡುವುದು?"

"ತೆಂಗಿನ ಮರ ಹತ್ತುತ್ತಾರೆ."

ಅಜ್ಜಿ ಅಲ್ಲಿಗೇ ವಿಚಾರಣೆ ಮುಗಿಸಿ ಒಳಗೆ ನಡೆದರು. ಎಲೆ ಹಾಕುವಾಗ ಎಲ್ಲ ತನ್ನಷ್ಟಕ್ಕೆ ಸರಿಹೋಯಿತು. ವರದರಾಜನಿಗೆ ಒಳಗೆ ದೇವರಕೋಣೆಯ ಹತ್ತಿರ, ಎಡ್ಮಂಡ್ ಮತ್ತು ಲೊರ್ನಾಳಿಗೆ ನಡುವಿನ ಚಾವಡಿಯಲ್ಲಿ, ಚೆನ್ನಪ್ಪನಿಗೆ ಹೊರಗೆ ಜಗಲಿಯ ತುದಿಯಲ್ಲಿ, ಚಪ್ಪಲಿಗಳ ಆಚೆ. ಅಜ್ಜಿ ಮೇಲಿನಿಂದ ಅನ್ನ ಹಾಕಿದರು, ಸೌಟು ಎಲೆಗೆ ತಾಗದ ಹಾಗೆ. ಚೆನ್ನಪ್ಪನಿಗೆ ಕೋಪ ಬಂತು. ಹಸಿವೂ ಇತ್ತು. ಎಳೆ ಹಲಸಿನ ಗುಜ್ಜೆ ಪಲ್ಯ ಒಳ್ಳೆಯದಿತ್ತು ಎಂಬುದಕ್ಕೆ ಇನ್ನೂ ಕೋಪ ಬಂತು.

ಒಳಗೆ ಉಣ್ಣುತ್ತಿದ್ದ ವರದರಾಜ ಊಟದ ನಡುವೆಯೂ ಗಟ್ಟಿಯಾಗಿ ಚರ್ಚಿಸುತ್ತಿದ್ದ. ಅಸಮಾನತೆಯನ್ನು ಜನರ ಹೊಟ್ಟೆಗೆ ತಟ್ಟುವ ಹಾಗೆ ಯಾವ ಜಾಗದಲ್ಲಿ ತೋರಿಸುವುದು? ಕೈ ತೊಳೆಯಲು ಹೊರಗೆ ಬಂದವನು ಜಗಲಿಯ ತುದಿಯಲ್ಲಿ ಚೆನ್ನಪ್ಪನನ್ನು ಕಂಡು ಗಕ್ಕನೆ ನಿಂತ. ನಾಚಿಕೆಯಾಯಿತೇನೋ ಎಂದು ಚೆನ್ನಪ್ಪ ಒಂದು ಗಳಿಗೆ ಅಂದುಕೊಂಡ. ಅವನನ್ನು ಅಷ್ಟು ಒಳ್ಳೆಯವನೆಂದು ತಿಳಿದದ್ದು ಚೆನ್ನಪ್ಪನ ಮೂರ್ಖತನ.

"ಇದೇ ಮಾರಾಯ!" ವರದರಾಜ ಕುಣಿದಾಡಿದ. "ಬೆಳಿಗ್ಗೆಯಿಂದ ಹುಡುಕಿದ್ದು ಇದನ್ನೇ! ಎಡ್ಮಂಡ್, ಬಾ ಇಲ್ಲಿ. ಈ ಜಗಲಿ, ಈ ಎಲೆ, ಆ ಚಪ್ಪಲಿ. ಚೆನ್ನಪ್ಪ, ನೀನು ಹಾಗೇ ಕೂತಿರು, ಏಳಬೇಡ. ಅಂಗಿ ಒಂದು ತೆಗೆದುಬಿಡು."

"ಹಾಗಾದರೆ ಕ್ಯಾಮೆರಾ?"

"ನಾನು ಹಿಡಿಯುತ್ತೇನೆ. ಎಲ್ಲಿ ಒತ್ತುವುದು ಹೇಳಿಕೊಡು, ಸಾಕು."

ಲೊರ್ನಾ ಚಾವಡಿಯಿಂದ ಇಣುಕಿದಳು. "ಕ್ಯಾಮೆರಾಕ್ಕೆ ಅವನ ಹೆಸರಲ್ವಾ ಹಾಕುವುದು?"

"ಈಗ ಅವನೇ ಹೀರೋ ಅಲ್ವಾ! ಹೀರೋನ ಹೆಸರು ಬೇಡ. ಅವನು ಒಬ್ಬ ವ್ಯಕ್ತಿ ಅಲ್ಲ, ಒಂದು ವರ್ಗ."

ಹೀಗೆ ಒಂದು ವಾಕ್ಯದಲ್ಲಿ ಚೆನ್ನಪ್ಪನ ಹೆಸರು ಹೋಯಿತು.

ಗಲಾಟೆ ಕೇಳಿ ಅಜ್ಜಿ ಬಂದರು. "ಇದೆಲ್ಲ ಟೀವಿಯಲ್ಲಿ ಬರುವುದಾ? ಊರವರು ನೋಡುತ್ತಾರಾ?" ಎಂದು ಕೇಳಿ, ಹೌದೆಂದು ತಿಳಿದು ಗಾಬರಿಯಾದರು. "ಹಾಗಾದರೆ ಆ ಹುಡುಗನ ಎಲೆಯನ್ನು ಚಾವಡಿಗೆ ಹಾಕುವ. ನಮ್ಮ ಮನೆಯಲ್ಲಿ ಹೀಗೆ ಎಂದು ನಾಲ್ಕು ಜನ ಆಡಿಕೊಳ್ಳುವುದು ಬೇಡ. ಬಾ ಮಗಾ, ಒಳಗೆ ಬಾ."

ಆ ಮನೆ ಕಟ್ಟಿದ ಮೇಲೆ ಕೆಮ್ಮಣ್ಣಿನ ಮರ ಹತ್ತುವವರ ಮಗನನ್ನು ಯಾರಾದರೂ ಒಳಗೆ ಕರೆದದ್ದಿದ್ದರೆ ಅದೇ ಮೊದಲು. ಹೆದರಿಕೆಗೇ ಆಗಲಿ, ಕರೆದದ್ದು ಕರೆದದ್ದೇ. ವರದರಾಜ ಎರಡೂ ಕೈ ಅಡ್ಡ ಹಿಡಿದ.

"ಬೇಡ ಅಜ್ಜಿ! ಅವನು ಹೊರಗೇ ಇರಬೇಕು. ಒಳಗೆ ಬಂದರೆ ಇಡೀ ಹಾಡು ಹಾಳು!"

ಚೆನ್ನಪ್ಪ ಅನ್ನಕ್ಕೆ ಮಜ್ಜಿಗೆ ಕಲಸಿ ನಿಧಾನವಾಗಿ ಉಂಡ. ಅಂಗಿ ತೆಗೆಯಲಿಲ್ಲ. ಎದ್ದು ಕೈ ತೊಳೆದು, ಒರೆಸಿ, ಕ್ಯಾಮೆರಾವನ್ನು ಹೆಗಲಿಗೇರಿಸಿದ. ಎಲೆ ಜಗಲಿಯಲ್ಲೇ ಇತ್ತು. ಎಡ್ಮಂಡನೂ ಲೊರ್ನಾಳೂ ತಮ್ಮ ಎಲೆಗಳನ್ನು ಪಿಕ್ನಿಕ್ಕಿನಂತೆ ನಗುತ್ತಾ ತಾವೇ ಎತ್ತಿ ತೆಂಗಿನ ಬುಡಕ್ಕೆ ಹಾಕಿ ಬಂದಿದ್ದರು. ಚೆನ್ನಪ್ಪ ಎಲೆ ಎತ್ತಿದರಷ್ಟೇ ಸಾಲದು, ಉಂಡ ಜಾಗವನ್ನು ಸೆಗಣಿ ಹಾಕಿ ಸಾರಿಸಲೂ ಬೇಕು. ಮೂಲೆಯಲ್ಲಿ ತೆಂಗಿನ ಗೆರಟೆಯಲ್ಲಿ ಕಲಸಿ ಇಟ್ಟಾಗಿತ್ತು.

"ಮಗಾ, ಎಲೆ?" ಎಂದರು ಅಜ್ಜಿ.

"ಎಲೆ ತೆಗಿ ಮಾರಾಯ" ಎಂದು ವರದರಾಜ ದನಿ ತಗ್ಗಿಸಿದ. "ಅಜ್ಜಿಗೆ ಬೇಜಾರಾಗುತ್ತದೆ."

"ಇದು ಲೊಕೇಶನ್ ಅಲ್ವಾ? ಲೊಕೇಶನ್ ನಿರ್ದೇಶಕನದ್ದು. ನೀನು ತೆಗಿ, ನಾನು ಶೂಟ್ ಮಾಡುತ್ತೇನೆ."

ಕ್ಯಾಮೆರಾದ ಕೆಂಪು ದೀಪ ಹತ್ತಿತು. ವರದರಾಜ ನಕ್ಕ. ಬೇರೆ ಯಾರೂ ನಗಲಿಲ್ಲ. ಅವನು ಬಗ್ಗಿದ, ಕೈ ಚಾಚಿದ. "ಮುಟ್ಟಬೇಡ!" ಎಂದರು ಅಜ್ಜಿ. ಅವರು ಹೇಳುವ ಮೊದಲೇ ಕೈ ನಿಂತಿದ್ದನ್ನು ಚೆನ್ನಪ್ಪ ಕ್ಯಾಮೆರಾದ ಕಣ್ಣಿನಲ್ಲಿ ಸ್ಪಷ್ಟವಾಗಿ ಕಂಡ.

"ಕಟ್" ಎಂದ ವರದರಾಜ.

ಚೆನ್ನಪ್ಪ ನಿಲ್ಲಿಸಲಿಲ್ಲ. ಇನ್ನು ಈ ಜನ್ಮದಲ್ಲಿ ಇವರ ಪರದೆಯ ಮೇಲೆ ತನ್ನ ಹೆಸರು ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ವರದರಾಜನ ನಿಂತ ಕೈಯ ಮೇಲೆಯೇ ಕ್ಯಾಮೆರಾ ಹಿಡಿದ.

"ಕಟ್ ಹೇಳಿದೆ ಅಲ್ವಾ?"

ಅಷ್ಟರಲ್ಲಿ ಒಂದು ಕಾಗೆ ಬಂದು ಜಗಲಿಯ ಅಂಚಿನಲ್ಲಿ ಕೂತು ಎಲೆಯ ತುದಿಯನ್ನು ಎಳೆಯಿತು. ಅದನ್ನು ಓಡಿಸಲೆಂದು ಅಜ್ಜಿ ಕೈ ಎತ್ತಿದರು. ಸಮಾನತೆಯ ಹಾಡು ಬರೆದವನು ಅಜ್ಜಿಯ ಕೈ ಹಿಡಿದು ತಡೆದ, ಕಾಗೆಯಾದರೂ ತೆಗೆದುಕೊಂಡು ಹೋಗಲಿ ಎಂದು ಕಾಯುತ್ತಾ ನಿಂತ.