ಮೊದಲ ಮೀಟು

"ಮತ್ಯಾಕ ನಿಂದರ್ಸಿದಿ?" ಎಂದ ಸಾಹಿಲ. "ಸರಿ ಬಂತಲ್ಲ."

"ಇಲ್ಲ. ಏನೋ ಬಿಟ್ಟದ," ಎಂದಳು ವರದಾ.

ಆ ಹಳೆಯ ಇಂಗ್ಲಿಷ್ ರಾಕ್ ಹಾಡು ಗಿಟಾರಿನ ಒಂದೇ ಒಂದು ಮೀಟಿನಿಂದ ಶುರುವಾಗುತ್ತದೆ. ಅದಕ್ಕೆ ಯಾವ ಸ್ವರಗಳು ಎಂಬುದರಲ್ಲಿ ಇಂಟರ್ನೆಟ್ಟಿನವರಿಗೇ ಒಮ್ಮತವಿರಲಿಲ್ಲ. ವರದಾ ಯಾರನ್ನೂ ನಂಬದೆ, ಫೋನಿನಲ್ಲಿ ಹಾಡು ಹಚ್ಚಿ, ಕಿವಿಯಿಂದಲೇ ಅದನ್ನು ಬಿಡಿಸಿಕೊಂಡಿದ್ದಳು. ನಿನ್ನೆ ಮನೆಯಲ್ಲಿ ಹಾಡಿನದೂ ಅವಳದೂ ಒಂದೇ ಆಗಿ ಕೇಳಿತ್ತು. ಇಲ್ಲಿ, ವಿದ್ಯಾಗಿರಿಯ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ, ಬೆರಳು ಅದೇ ಜಾಗದಲ್ಲಿದ್ದರೂ ಮೀಟು ಬರಿದಾಗಿ ಕೇಳಿತು. ಕೈ ಮುಂದೆ ಹೋಗಲೇ ಇಲ್ಲ.

"ನೀ ಒಂದ ಮೀಟಿಗೆ ನಿಂತ್ರ ಉಳದ ಹಾಡು ಯಾರ ಬಾರಸ್ತಾರ, ನಮ್ಮಜ್ಜಿ?" ಡ್ರಮ್ಮಿನ ಹಿಂದಿನಿಂದ ಅಲ್ಮಾಸ ಅಂದಳು.

"ನಿನ್ನ ಜಾಗದಾಗ ಕೌಶಿಕ ಬಾರಸ್ತಾನ," ಎಂದ ಸಾಹಿಲ, ಬಾಸ್ ಗಿಟಾರಿನ ಪಟ್ಟಿ ಸರಿಪಡಿಸಿಕೊಳ್ಳುತ್ತ. "ಈಗ ಬರ್ತಾನ ಅವ. ಕಾಲೇಜಿನ ಗ್ಯಾದರಿಂಗ್ ಮುಂದಿನ ವಾರ ಐತಿ ವರದಾ. ಆಮ್ಯಾಲ ಸಿಟ್ಟಾಗಬ್ಯಾಡ."

ಸಿಟ್ಟಿನ ಮಾತಲ್ಲ. ಗಿಟಾರಿಗಾಗಿ ಅವ್ವನ ಸಂಗೀತದ ಪಾಠ ಬಿಟ್ಟಿದ್ದಳು. ಬ್ಯಾಂಡಿನ ಈ ಜಾಗ ಹೋದರೆ ಮತ್ತೆ ಅವ್ವನ ಮುಂದೆ, ಸಣ್ಣ ಹುಡುಗಿಯರ ಸಾಲಿನಲ್ಲಿ ಚಾಪೆಯ ಮೇಲೆ ಕೂಡಬೇಕು. ಅವ್ವ ಏನೂ ಅನ್ನುವುದಿಲ್ಲ. ಅದೇ ಕಷ್ಟ.

"ಹಾಡು ಹಚ್ಚು, ಕೇಳೋಣು," ಎಂದಳು.

ಸಾಹಿಲ ಫೋನು ಸ್ಟೂಲಿನ ಮೇಲಿಟ್ಟ. ಮೀಟು ಬಂತು, ಹೋಯಿತು. ವರದಾ ಅವನ ಮುಖ ನೋಡಿದಳು. ಅವಳ ಮೀಟಿನಲ್ಲಿ ಬಿಟ್ಟುಹೋದದ್ದು ಹಾಡಿನಲ್ಲೂ ಇರಲಿಲ್ಲ.

"ಮತ್ತೊಮ್ಮೆ."

ಮತ್ತೊಮ್ಮೆಯೂ ಇರಲಿಲ್ಲ. ಇಷ್ಟು ದಿನ ಅವಳು ಪ್ರೀತಿಸಿದ ಹಾಡು ಇದಲ್ಲ, ಇದರಂತೆಯೇ ಇರುವ ಇನ್ನಾವುದೋ.

ಅವಳ ಮನೆಯಲ್ಲಿ ಬೆಳಿಗ್ಗೆ ಹಚ್ಚಿದ ತಂಬೂರಿ ಪೆಟ್ಟಿಗೆಯನ್ನು ಪಾಠದ ಕೊನೆಯ ಹುಡುಗಿ ಚಪ್ಪಲಿ ಮೆಟ್ಟುವ ತನಕ ಆರಿಸುವ ಪದ್ಧತಿ ಇರಲಿಲ್ಲ. ಕುಕ್ಕರು ಕೂಗುವುದು, ಮಿಕ್ಸರು ತಿರುಗುವುದು, ಜಗಳ, ಎಲ್ಲ ಅದರ ಎಡೆಬಿಡದ ಷಡ್ಜದ ಮೇಲೆಯೇ. ಹುಟ್ಟಿದಂದಿನಿಂದ ಕೇಳಿದ್ದರಿಂದ ಅದನ್ನು ಕೇಳುವುದೇ ಬಿಟ್ಟುಹೋಗಿತ್ತು. ಹಾಡು ಬಿಡಿಸುವಾಗ ಅದನ್ನೂ ಹಾಡಿನ ಲೆಕ್ಕಕ್ಕೇ ಹಿಡಿದಿದ್ದಳು.

"ಅದು ನಮ್ಮವ್ವನ ತಂಬೂರಿ," ಎಂದಳು ನಿಧಾನವಾಗಿ.

"ಇಂಗ್ಲೆಂಡಿನವರ ಹಾಡಿನ್ಯಾಗ ನಿಮ್ಮವ್ವ ಯಾಕ ಬರ್ತಾರ ಮಾರಾಯ್ತಿ?" ಅಲ್ಮಾಸ ನಕ್ಕಳು.

ಕೆಳಗೆ ಬೈಕು ನಿಂತ ಸದ್ದಾಯಿತು. ವರದಾ ಕಣ್ಣು ಮುಚ್ಚಿ ಮೀಟಿದಳು. ಅದರ ಕೆಳಗೆ, ಬಾಯಿ ತೆರೆಯದೆ, ಷಡ್ಜ ಹಿಡಿದಳು. ಮೀಟು ಆರುತ್ತ ಹೋದರೂ ದನಿ ಹಾಗೇ ಉಳಿಯಿತು. ಅಲ್ಮಾಸಳ ನಗೆ ನಿಂತಿತು.

"ಹಾಡಿನ್ಯಾಗ ಇಲ್ಲಲ್ಲ ಇದು," ಎಂದ ಸಾಹಿಲ.

"ಇಲ್ಲ."

"ಮತ್ತ ಯಾವದು ಖರೆ?"

"ನನಗೂ ತಿಳೀವಲ್ದು. ಆದ್ರ ಇದಿಲ್ದ ನನ್ನ ಕೈ ಮುಂದ ಹೋಗೂದಿಲ್ಲ."

ಗಿಟಾರು ಹೆಗಲಿಗೆ ಹಾಕಿಕೊಂಡು ಕೌಶಿಕ ಬಾಗಿಲಿಗೆ ಬಂದ. ತಡೆ ಎಂಬಂತೆ ಸಾಹಿಲ ಗದ್ದ ಎತ್ತಿದ, ಅವನತ್ತ ನೋಡಲಿಲ್ಲ.

"ಇನ್ನೊಮ್ಮೆ ಹಿಡಿ ಆ ದನಿ," ಎಂದ ವರದಾಳಿಗೆ.

ಅವನ ಬೆರಳು ಆ ಷಡ್ಜ ಹುಡುಕುತ್ತ ಬಾಸಿನ ದಪ್ಪ ತಂತಿಯ ಮೇಲೆ ಜಾರಿತು. ಒಂದು ಸ್ವರದ ಮನೆ ಮುಂದೆ ಹೋಯಿತು, ಅರೆಗಳಿಗೆ ತಡೆಯಿತು, ಮೆಲ್ಲಗೆ ಹಿಂದಕ್ಕೆ ಬಂದು ಅವಳ ದನಿಗೆ ಕೂಡಿತು.